‘ಚೈನ್ ಬೇಡ ಅಣ್ಣ, ಆಲ್ ವೀಲ್ ಡ್ರೈವ್ ಅಲ್ವಾ’ ಅಂದವನನ್ನು ನಂಬಿ ಟಾಹೋಗೆ ಹೊರಟೆ

ಬಾಡಿಗೆ ಕಾರಿನಲ್ಲಿ ಟಾಹೋಗೆ, ಅಂದರೆ ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯ ಹಿಮದ ಬೆಟ್ಟಗಳ ಕಡೆ, ಹೊರಟಿರುವವರು ದಯವಿಟ್ಟು ಇದನ್ನು ಓದಿ. ಬರೆಯೋಕೆ ನಾಚಿಕೆಯಾಗುತ್ತಿದೆ. ಹನ್ನೊಂದು ವರ್ಷದಿಂದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿದ್ದೇನೆ, ಹಿಮ ಕಾಣದವನೇನಲ್ಲ. ಆದರೂ ಮೋಸ ಹೋದೆ. ಅದೂ ಕನ್ನಡದಲ್ಲೇ.

ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ರಜೆ. ಅಪ್ಪ ಅಮ್ಮ ದಾವಣಗೆರೆಯಿಂದ ಬಂದಿದ್ದರು. ಅಮ್ಮನಿಗೆ ಹಿಮ ಮುಟ್ಟಿ ನೋಡಬೇಕಿತ್ತು. ನಮ್ಮದು ಹಳೆಯ ಕೊರೊಲಾ. ಅದಕ್ಕೆ ಚೈನ್ ಇದೆ (ಹಿಮದಲ್ಲಿ ಜಾರದ ಹಾಗೆ ಟೈರಿಗೆ ಸುತ್ತುವ ಸರಪಳಿ), ಗ್ಯಾರೇಜಿನ ಮೂಲೆಯಲ್ಲಿ ಹಳದಿ ಚೀಲದಲ್ಲಿ ಬಿದ್ದಿದೆ. ಆದರೆ ರಸ್ತೆ ಬದಿಯಲ್ಲಿ ಮಂಡಿಯೂರಿ ಚೈನ್ ಹಾಕುವ ಕಷ್ಟ ಒಮ್ಮೆ ಪಟ್ಟಿದ್ದೆ. ವಯಸ್ಸಾದವರನ್ನು ಕೂರಿಸಿಕೊಂಡು ಅದೆಲ್ಲ ಯಾಕೆ, ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಆಲ್ ವೀಲ್ ಡ್ರೈವ್ ಗಾಡಿ ಬಾಡಿಗೆಗೆ ತಗೊಂಡರೆ ಆಯಿತು ಅಂದುಕೊಂಡೆ. ತಪ್ಪು ಶುರುವಾಗಿದ್ದೇ ಅಲ್ಲಿ.

ಸ್ವಂತ ಕಾರನ್ನು ಬಾಡಿಗೆಗೆ ಬಿಡುವವರು ಇರುತ್ತಾರಲ್ಲ, ಆಪ್ ಮೂಲಕ, ಹಾಗೆ ಒಂದು ಎಸ್‌ಯುವಿ ಸಿಕ್ಕಿತು. ಹೋಗಿ ನೋಡಿದರೆ ಮಾಲೀಕ ನಮ್ಮ ಕಡೆಯವನೇ. ಅಮ್ಮನನ್ನು ಕಂಡು ‘ಊಟ ಆಯ್ತಾ ಆಂಟಿ’ ಅಂದ. ಅಷ್ಟಕ್ಕೇ ನಾನು ಕರಗಿ ಹೋದೆ. ಟೈರ್ ನೋಡಲಿಲ್ಲ. ಕರಾರಿನ ಪುಟ ಓದಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ, ‘ಚೈನ್ ಬೇಕಾಗುತ್ತಾ?’

‘ಚೈನ್ ಎಲ್ಲ ಬೇಡ ಅಣ್ಣ, ಆಲ್ ವೀಲ್ ಡ್ರೈವ್ ಅಲ್ವಾ. ಆರಾಮಾಗಿ ಹೋಗಿ ಬನ್ನಿ.’

ಈ ‘ಬೇಡ’ ಅನ್ನೋ ಪದವನ್ನು ನೆನಪಿಟ್ಟುಕೊಳ್ಳಿ.

ಬೆಳಿಗ್ಗೆ ನಾಲ್ಕೂವರೆಗೆ ಹೊರಟೆವು. ಸ್ಯಾಕ್ರಮೆಂಟೊ ದಾಟಿ, ಆಬರ್ನ್ ದಾಟಿ, ಇಂಟರ್‌ಸ್ಟೇಟ್ 80ರಲ್ಲಿ ಮೇಲೇರುತ್ತಿದ್ದ ಹಾಗೆ ಮಳೆ ಹಿಮವಾಯಿತು. ನಯಾಕ್ ಹತ್ತಿರ ಗಾಡಿಗಳ ಸಾಲು. ಬೋರ್ಡಿನಲ್ಲಿ ಆರ್‌2, ಅಂದರೆ ಚೈನ್ ಕಡ್ಡಾಯದ ಮೂರು ಹಂತಗಳಲ್ಲಿ ಎರಡನೆಯದು. ನನಗೆ ಒಂಚೂರೂ ಗಾಬರಿ ಇರಲಿಲ್ಲ. ಚೈನ್ ಹಾಕುತ್ತಾ ಒದ್ದಾಡುತ್ತಿದ್ದವರನ್ನು ನೋಡಿ ಅಪ್ಪನಿಗೆ, ‘ನಮ್ಮದು ಆಲ್ ವೀಲ್ ಡ್ರೈವ್, ಸೀದಾ ಬಿಡ್ತಾರೆ’ ಅಂತ ಜಂಬ ಬೇರೆ ಕೊಚ್ಚಿದೆ.

ತಪಾಸಣೆ ಮಾಡುವವ ಬಂದ. ಮುಂದಿನ ಟೈರಿಗೆ ಟಾರ್ಚ್ ಬಿಟ್ಟ, ತಲೆಯಾಡಿಸಿದ. ಹಿಂದಿನ ಟೈರಿಗೆ ಬಿಟ್ಟ. ಬಗ್ಗಿದ. ಕೈಗವಸಿನಿಂದ ಟೈರಿನ ಪಕ್ಕದ ಕೆಸರು ಒರೆಸಿ, ನನ್ನನ್ನು ಇಳಿದು ಬಾ ಅಂತ ಕರೆದು ತೋರಿಸಿದ. ಮುಂದಿನ ಎರಡರಲ್ಲಿ ‘ಎಂ+ಎಸ್’ ಅಂತ ಅಚ್ಚಿದೆ (ಮಡ್ ಅಂಡ್ ಸ್ನೋ, ಅಂದರೆ ಸ್ನೋ ಟೈರಿನ ಗುರುತು). ಹಿಂದಿನ ಎರಡು ಬೇರೆಯೇ ಕಂಪನಿಯವು, ಅದರಲ್ಲಿ ಏನೂ ಇಲ್ಲ. ಆಮೇಲೆ ಕೇಳಿದ, ‘ಚೈನ್ ಎಲ್ಲಿ?’ ಇಲ್ಲ ಅಂದೆ. ‘ಹಾಗಾದರೆ ವಾಪಸ್ ತಿರುಗಿಸು.’

ಆಲ್ ವೀಲ್ ಡ್ರೈವ್ ಅಂತ ವಾದ ಮಾಡಿದೆ. ಅವನು ಜೋರು ಮಾಡಲಿಲ್ಲ, ದಿನಕ್ಕೆ ನೂರು ಸಲ ಹೇಳಿದ್ದನ್ನೇ ನನಗೂ ಹೇಳಿದ. ಆರ್‌2 ಇದ್ದಾಗ ಆಲ್ ವೀಲ್ ಡ್ರೈವ್‌ಗೆ ವಿನಾಯಿತಿ ಇರುವುದು ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇದ್ದರೆ ಮಾತ್ರ. ಆಗಲೂ ಚೈನ್ ಗಾಡಿಯೊಳಗೆ ಇರಲೇಬೇಕು. ಹಾಕಬೇಕಿಲ್ಲ, ಆದರೆ ಇರಬೇಕು. ಆರ್‌3 ಆದರೆ ಯಾವ ಗಾಡಿಗೂ ವಿನಾಯಿತಿ ಇಲ್ಲ. ಸಾಮಾನ್ಯವಾಗಿ ಅಷ್ಟರೊಳಗೆ ರಸ್ತೆಯನ್ನೇ ಮುಚ್ಚಿಬಿಡುತ್ತಾರೆ. ಇದೆಲ್ಲ ಕ್ಯಾಲಿಫೋರ್ನಿಯಾದ ರಸ್ತೆ ಇಲಾಖೆ ಕ್ಯಾಲ್‌ಟ್ರಾನ್ಸ್ ಸೈಟಿನಲ್ಲೇ ಇದೆ. ನಾನು ನೋಡಿರಲಿಲ್ಲ ಅಷ್ಟೆ.

ಅಂದರೆ ಆವತ್ತು ನಮ್ಮ ಹಳೇ ಕೊರೊಲಾ ಅದರ ಚೈನ್ ಹಾಕಿಕೊಂಡು ನಿಧಾನಕ್ಕೆ ಹತ್ತಿಬಿಡುತ್ತಿತ್ತು! ದಿನಕ್ಕೆ 110 ಡಾಲರ್ ಕೊಟ್ಟು ತಂದ ಈ ಎಸ್‌ಯುವಿ ಹತ್ತೋ ಹಾಗಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಿಂದಿನ ಸೀಟಿನಿಂದ ಅಪ್ಪ, ‘ಏನಂತೆ? ಸೀದಾ ಬಿಡ್ತಾರೆ ಅಂದಿದ್ದೆ’ ಅಂದರು.

ವಾಪಸ್ ಹೋಗಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಅಮ್ಮನ ಮುಖ ನೋಡಿದೆ. ಮಂಕಿ ಟೋಪಿ ಹಾಕಿಕೊಂಡು, ತೊಡೆ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಪಕ್ಕದ ಎಕ್ಸಿಟ್‌ನಲ್ಲಿ ಹಳದಿ ಜಾಕೆಟ್ ಹಾಕಿದವನೊಬ್ಬ ಪಿಕಪ್ ಗಾಡಿಯ ಹಿಂದೆ ಚೈನ್ ರಾಶಿ ಇಟ್ಟುಕೊಂಡು ನಿಂತಿದ್ದ. ಸರ್ಕಾರದವನೇ ಇರಬೇಕು ಅಂದುಕೊಂಡೆ. ಚೈನ್‌ಗೆ 150, ಹಾಕೋಕೆ 40, ನಗದು ಮಾತ್ರ. ರಸೀದಿ ಕೇಳಿದರೆ ನಕ್ಕ. ಕೊಟ್ಟೆ. ಬೇರೆ ದಾರಿ ಇರಲಿಲ್ಲ ಅಂತ ಆಗ ಅನ್ನಿಸಿತ್ತು.

ಆಮೇಲೆ ತಿಳಿಯಿತು. ಹಣ ತಗೊಂಡು ಚೈನ್ ಹಾಕಿಕೊಡುವವರಿಗೆ ಕ್ಯಾಲ್‌ಟ್ರಾನ್ಸ್ ಪರವಾನಗಿ ಬೇಕು, ಅವರ ಬ್ಯಾಡ್ಜಿನಲ್ಲಿ ನಂಬರ್ ಇರುತ್ತದೆ. ಅವರು ಸರ್ಕಾರಿ ನೌಕರರಲ್ಲ. ಚೈನ್ ಮಾರುವ ಹಾಗೂ ಇಲ್ಲ, ಬಾಡಿಗೆಗೆ ಕೊಡುವ ಹಾಗೂ ಇಲ್ಲ. ನಾನು ಬ್ಯಾಡ್ಜ್ ನೋಡಿರಲಿಲ್ಲ. ಜಾಕೆಟ್ ನೋಡಿದ್ದೆ.

ಆ ಚೈನಿನ ಅಳತೆ ಸರಿ ಇರಲಿಲ್ಲ. 30 ಮೈಲಿಗಿಂತ ಕಡಿಮೆ ವೇಗದಲ್ಲೇ ಹೋಗುತ್ತಿದ್ದೆ. ಸ್ವಲ್ಪ ದೂರಕ್ಕೆ ಟಪ್ ಟಪ್ ಅಂತ ಶುರುವಾಯಿತು, ನೋಡನೋಡುತ್ತಾ ಧಡ ಧಡ. ಸೋಡಾ ಸ್ಪ್ರಿಂಗ್ಸ್ ಎಕ್ಸಿಟ್‌ನಲ್ಲಿ ಇಳಿದು ನೋಡಿದರೆ ಒಂದು ಚೈನ್ ಕಿತ್ತು, ಅದರ ತುದಿ ಚಕ್ರದ ಒಳಗಿನ ಪ್ಲಾಸ್ಟಿಕ್ಕನ್ನು ಹರಿದು ಹಾಕಿತ್ತು. ಒಂದು ವೈರ್ ನೇತಾಡುತ್ತಿತ್ತು. ಬ್ರೇಕಿನ ಎಬಿಎಸ್ ದೀಪ ಹೊತ್ತಿಕೊಂಡಿತ್ತು. 7,200 ಅಡಿ ಎತ್ತರದ ಡಾನರ್ ಸಮ್ಮಿಟ್ ಅಲ್ಲೇ ಮುಂದಿದೆ, ನಾವು ದಾಟಲಿಲ್ಲ. ಅಮ್ಮ ರಸ್ತೆ ಬದಿಯ ಕೊಳಕು ಹಿಮವನ್ನೇ ಮುಟ್ಟಿ, ‘ಸಾಕು ಬಿಡೋ’ ಅಂದರು. ಚೈನ್ ಕಂಟ್ರೋಲ್, ಅಂದರೆ ಈ ಚೈನ್ ಕಡ್ಡಾಯ, ತೆಗೆಯುವವರೆಗೆ ನಾಲ್ಕು ಗಂಟೆ ಕಾರಿನಲ್ಲೇ ಕೂತಿದ್ದು, ಮನೆಗೆ ವಾಪಸ್.

ಇನ್ನು ಮಾಲೀಕನ ಉತ್ತರ ಕೇಳಿ. ನಾನೇ ಫೋಟೋ ಕಳಿಸಿ ಎಲ್ಲ ಹೇಳಿದೆ. ಹಿಂದಿನ ಟೈರಿನ ವಿಷಯ ಕೇಳಿದೆ. ಬಂದ ಮೆಸೇಜು:

‘ಅಣ್ಣ, ಚೈನ್ ಬೇಡ ಅಂತ ನಾನು ಮೊದಲೇ ಹೇಳಿದ್ದೆನಲ್ಲ? ಮತ್ತೆ ಯಾಕೆ ಹಾಕಿದ್ರಿ?’

ಎರಡು ಸಲ ಓದಿದೆ. ಮೂರನೇ ಸಲ ಓದಿದಾಗ ತಲೆಗೆ ಹೋಯಿತು. ಬೇಕಾಗಿಲ್ಲ ಅಂತ ನಾನು ತಿಳಿದುಕೊಂಡಿದ್ದೆ. ಹಾಕಕೂಡದು ಅಂತ ಅವನ ಅರ್ಥವಂತೆ! ಕರಾರಿನಲ್ಲೂ ಇದೆಯಂತೆ. ತೆಗೆದು ನೋಡಿದರೆ ಹೌದು, ಇದೆ. ಚೈನ್ ಹಾಕುವಂತಿಲ್ಲ, ಹಾಕಿ ಹಾನಿಯಾದರೆ ವಿಮೆ ಅನ್ವಯಿಸುವುದಿಲ್ಲ. ಅಂದರೆ ಚೈನ್ ಇಲ್ಲದೆ ರಸ್ತೆಯವರು ಬಿಡುವುದಿಲ್ಲ, ಚೈನ್ ಹಾಕಿದರೆ ಮಾಲೀಕ ಬಿಡುವುದಿಲ್ಲ. ಟಾಹೋಗೆ ಅಂತ ಹೇಳಿಯೇ ಬಾಡಿಗೆ ತಗೊಂಡಿದ್ದೆನಲ್ಲ, ಇವನಿಗೆ ಗೊತ್ತಿರಲಿಲ್ಲವೇ?

ಅದನ್ನೇ ಕೇಳಿದೆ. ಅಲ್ಲಿಯವರೆಗೆ ಅಣ್ಣ ಅಣ್ಣ ಅಂತಿದ್ದವನು ಇದ್ದಕ್ಕಿದ್ದ ಹಾಗೆ ಇಂಗ್ಲಿಷಿಗೆ ಇಳಿದ. ರಸ್ತೆ ನಿಯಮ ತಿಳಿದುಕೊಳ್ಳುವುದು ಬಾಡಿಗೆದಾರನ ಜವಾಬ್ದಾರಿಯಂತೆ. ಟೈರುಗಳು ‘ಗುಡ್ ಕಂಡಿಷನ್’ನಲ್ಲಿ ಇವೆಯಂತೆ. ಜೊತೆಗೆ 640 ಡಾಲರ್ ಬಿಲ್ಲು. ಆಪ್‌ನವರಿಗೆ ಬರೆದರೆ ಮೂರು ದಿನ ಬಿಟ್ಟು ಅದೇ ಕರಾರಿನ ಸಾಲನ್ನು ನಕಲು ಮಾಡಿ ಕಳಿಸಿದರು. ಬಾಯಿಮಾತಿಗೆ ಸಾಕ್ಷಿ ಇದೆಯಾ ಅಂದರು. ಸಾಕ್ಷಿ ಅಮ್ಮ. ಏನು ಮಾಡಲಿ? ಕಟ್ಟಿದೆ.

ನೀವು ಬಾಡಿಗೆಗೆ ತಗೊಳ್ಳುವುದಾದರೆ ನಾಲ್ಕೂ ಟೈರಿನ ಪಕ್ಕ ಬಗ್ಗಿ ನೋಡಿ, ಎಂ+ಎಸ್ ಇದೆಯಾ ಅಂತ. ನಾಲ್ಕೂ, ಎರಡಲ್ಲ. ಟೈರಿನ ಮೇಲಿನ ತೋಡು ಕನಿಷ್ಠ 6/32 ಇಂಚು, ಅಂದರೆ ಹತ್ತಿರ ಹತ್ತಿರ 5 ಮಿಲಿಮೀಟರ್ ಆಳ ಇರಬೇಕು. ‘ಚೈನ್ ಹಾಕಬಹುದಾ’ ಅಂತ ಬರವಣಿಗೆಯಲ್ಲೇ ಕೇಳಿ. ಬಾಡಿಗೆ ಕಾರಿನ ಕರಾರುಗಳಲ್ಲಿ ಚೈನ್ ನಿಷೇಧ ಸಾಮಾನ್ಯ. ಆಗಲ್ಲ ಅಂದರೆ ಆ ಗಾಡಿಯಲ್ಲಿ ಹಿಮದ ಕಡೆ ಹೋಗಲೇಬೇಡಿ. ಚೈನನ್ನು ಹೊರಡುವ ಮುಂಚೆ ಕೆಳಗಿನ ಊರಿನಲ್ಲೇ ಟೈರಿನ ಅಳತೆ ಹೇಳಿ ತಗೊಳ್ಳಿ. ರಸ್ತೆ ಸ್ಥಿತಿ ತೋರಿಸುವ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್ ನೋಡಿಕೊಂಡು ಹೊರಡಿ. ನಮ್ಮ ಭಾಷೆ ಮಾತಾಡಿದ ಅಂತ ಕರಾರು ಓದದೆ ಇರಬೇಡಿ, ಇದನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ನಿನ್ನೆ ರಾತ್ರಿ ತಡೆಯಲಾರದೆ ಮತ್ತೆ ಆಪ್ ತೆಗೆದೆ. ಅದೇ ಗಾಡಿ. ‘ಟಾಹೋಗೆ ರೆಡಿ, ಆಲ್ ವೀಲ್ ಡ್ರೈವ್’ ಅಂತ ದಪ್ಪ ಅಕ್ಷರದಲ್ಲಿ ಹಾಕಿಕೊಂಡಿದ್ದಾನೆ. ಆರು ಫೋಟೋ ಇವೆ. ಆರರಲ್ಲೂ ಕಾಣುವುದು ಮುಂದಿನ ಟೈರು ಮಾತ್ರ.