ಮೂವತ್ತೆರಡು ಸೆಕೆಂಡಿನ ದೆವ್ವ

'ಮಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್' ಅನ್ನುವ 1966ರ ಹಾರರ್ ಸಿನಿಮಾ ಕೊನೆಗೂ ನೋಡಿದೆ. ಸ್ಪ್ಯಾನಿಷ್‌ನಲ್ಲಿ ಮಾನೋಸ್ ಅಂದ್ರೆ ಕೈಗಳು. ಅಲ್ಲಿಗೆ ಹೆಸರು 'ಕೈಗಳು: ವಿಧಿಯ ಕೈಗಳು' ಅಂತಾಯ್ತು. ಹೊಸಿಲಲ್ಲೇ ಎಡವಿದ್ದಾರೆ.

ಕಥೆ ಇಷ್ಟೇ. ದಾರಿ ತಪ್ಪಿದ ಗಂಡ, ಹೆಂಡತಿ, ಮಗು ಒಂದು ಒಂಟಿ ಮನೆಗೆ ಬರುತ್ತಾರೆ. ಅಲ್ಲೊಬ್ಬ ಮಂತ್ರವಾದಿ, ಅವನಿಗೆ ಒಂದು ಗುಂಪು ಹೆಂಡತಿಯರು.

ಮದುವೆ ವಿಡಿಯೋ ತೆಗೆಯೋದು ನನ್ನ ಹೊಟ್ಟೆಪಾಡು. ಹಾಗಾಗಿ ನನಗೆ ಹೆದರಿಕೆಗಿಂತ ಕನಿಕರವೇ ಜಾಸ್ತಿ ಬಂತು. ಇದನ್ನು ಮಾಡಿದ ಹೆರಾಲ್ಡ್ ವಾರನ್ ಟೆಕ್ಸಸ್‌ನ ಎಲ್ ಪಾಸೋದಲ್ಲಿ ಗೊಬ್ಬರ ಮಾರುತ್ತಿದ್ದವನು. ಹಾರರ್ ಸಿನಿಮಾ ಯಾರು ಬೇಕಾದರೂ ಮಾಡಬಹುದು ಅಂತ ಚಿತ್ರಕಥೆಗಾರ ಸ್ಟರ್ಲಿಂಗ್ ಸಿಲಿಫಂಟ್ ಜೊತೆ ಬಾಜಿ ಕಟ್ಟಿ ಹೊರಟನಂತೆ. ಸುಮಾರು 19,000 ಡಾಲರ್ ಹೊಂದಿಸಿಕೊಂಡು ತಾನೇ ಬರೆದ, ನಿರ್ದೇಶಿಸಿದ, ಹೀರೋನೂ ಆದ.

ಕೈಯಲ್ಲಿದ್ದ 16 ಎಂಎಂ ಕ್ಯಾಮೆರಾ ಹಳೇ ಗಡಿಯಾರದ ಥರ ಕೀ ಕೊಟ್ಟು ಓಡಿಸುವಂಥದ್ದು. ಒಂದು ಸಲ ಕೀ ಕೊಟ್ಟರೆ 32 ಸೆಕೆಂಡು, ಅಷ್ಟೇ. ಇದು ಗೊತ್ತಾದ ಮೇಲೆ ಸಿನಿಮಾ ಬೇರೆಯೇ ಥರ ಕಾಣುತ್ತೆ. ಮಾತು ಬಿಸಿ ಏರುವಷ್ಟರಲ್ಲಿ ಶಾಟ್ ಕಟ್. ಒಂದು ಕಡೆ ಕ್ಲ್ಯಾಪ್ ಬೋರ್ಡಿನ ತುದಿಯೂ ಇಣುಕಿ ಹೋಗುತ್ತೆ. ಇಷ್ಟು ಪರದಾಡಿದವರು ಶುರುವಿನಲ್ಲಿ ಮಾತ್ರ ಕಾರು, ರಸ್ತೆ, ಹೊಲ ಅಂತ ಸುಮ್ನೆ ಎಳೆದೂ ಎಳೆದೂ ತೋರಿಸಿದ್ದಾರೆ. ಅದರ ಮೇಲೆ ಹೆಸರುಗಳನ್ನು ಹಾಕಬೇಕಿತ್ತು, ಆಗಲಿಲ್ಲ ಅನ್ನುತ್ತಾರೆ.

ರಾತ್ರಿ ದೃಶ್ಯಗಳನ್ನು ನೋಡಬೇಕು. ಲೈಟಿಗೆ ಹುಳ ಮುತ್ತಿಕೊಂಡಿವೆ, ನಟರ ಮುಖದ ಮುಂದೆಯೇ ಹಾರಾಡುತ್ತವೆ. ಗುಂಡಿನ ಸದ್ದು ಕೇಳಿ ಇಬ್ಬರು ಪೊಲೀಸರು ಕಾರಿನಿಂದ ಇಳಿಯುತ್ತಾರೆ. ಎರಡು ಹೆಜ್ಜೆ ಇಟ್ಟು, ಕತ್ತಲೆಗೆ ಟಾರ್ಚ್ ಬಿಟ್ಟು, ವಾಪಸ್ ಕಾರು ಹತ್ತುತ್ತಾರೆ. ಅದರಾಚೆಗೆ ಬೆಳಕೇ ಇಲ್ಲ, ಪಾಪ ಇನ್ನೆಲ್ಲಿಗೆ ಹೋದಾರು? ಕಾರಿನಲ್ಲಿ ಕೂತು ಮುದ್ದಾಡುವ ಜೋಡಿಯೊಂದು ಕಥೆಗೆ ಸಂಬಂಧವೇ ಇಲ್ಲದೆ ಆಗಾಗ ಬರುತ್ತೆ. ಆ ನಟಿ ಶೂಟಿಂಗ್ ಶುರುವಿನಲ್ಲೇ ಕಾಲು ಮುರಿದುಕೊಂಡಿದ್ದಳು. ಕೂತೇ ಮಾಡುವ ಪಾತ್ರ ಅದು, ಅವಳಿಗೋಸ್ಕರ ಹುಟ್ಟಿದ್ದು.

ಸೌಂಡ್ ವಿಷಯಕ್ಕೆ ಬಂದರೆ, ಜಾಗದಲ್ಲಿ ಏನೂ ರೆಕಾರ್ಡ್ ಮಾಡಿಲ್ಲ. ಆಮೇಲೆ ನಾಲ್ಕಾರು ಜನ ಕೂತು ಎಲ್ಲರಿಗೂ ಡಬ್ ಮಾಡಿದ್ದಾರೆ. ಪುಟ್ಟ ಹುಡುಗಿ ಬಾಯಿ ತೆರೆದರೆ ದೊಡ್ಡ ಹೆಂಗಸೊಬ್ಬಳು ಮಗುವಿನ ದನಿ ಮಾಡುತ್ತಿರುವುದು ಕೇಳುತ್ತೆ. ಇಡೀ ಸಿನಿಮಾದಲ್ಲಿ ನನ್ನ ಮೈ ಜುಮ್ಮೆಂದಿದ್ದು ಅದೊಂದಕ್ಕೇ.

ಅಲ್ಲ, ಇನ್ನೊಂದಿದೆ. ಟೊರ್ಗೋ. ಆ ಮನೆ ಕಾಯುವ ಆಳು. ಊದಿಕೊಂಡ ಮೊಣಕಾಲು, ನಡುಗುವ ಕೈ, ತಡವರಿಸುವ ಮಾತು. ಒಂದು ಸೂಟ್‌ಕೇಸ್ ಒಳಗೆ ತರಲು ಅವನು ಪಡುವ ಪಾಡು ನೋಡುತ್ತಾ ಮೊದಲು ನಕ್ಕೆ. ಬರಬರುತ್ತಾ ನಗು ಬರಲಿಲ್ಲ. ದಾರಿ ತಪ್ಪಿ ಬಂದವನ ಹೆಂಡತಿಯ ಕೂದಲು ಮುಟ್ಟಲು ಅವನು ಕೈ ಚಾಚಿ, ಮುಟ್ಟದೆ ಹಿಂದೆಗೆಯುವಾಗ ನಿಜಕ್ಕೂ ಕಸಿವಿಸಿಯಾಯಿತು. ಆ ಪಾತ್ರ ಮಾಡಿದ ಜಾನ್ ರೆನಾಲ್ಡ್ಸ್ 25ನೇ ವಯಸ್ಸಿಗೇ, ಸಿನಿಮಾ ತೆರೆಗೆ ಬರಲು ಒಂದು ತಿಂಗಳಿರುವಾಗ ತೀರಿಕೊಂಡ.

ಸುಮಾರು 70 ನಿಮಿಷದ ಸಿನಿಮಾ. ಒಬ್ಬರೇ ಕೂತು ನೋಡಬೇಡಿ, ಮಾತಿಗೆ ಜೊತೆ ಬೇಕು. ಎರಡು ಸ್ಟಾರ್ ಕೊಡ್ತೀನಿ, ಎರಡೂ ಟೊರ್ಗೋಗೆ. ಅಂದ ಹಾಗೆ, ಈ ಸಿನಿಮಾದಲ್ಲಿ ದುಡಿದಿದ್ದಕ್ಕೆ ಏನಾದರೂ ಸಿಕ್ಕಿದ್ದು ಆ ಪುಟ್ಟ ಹುಡುಗಿಗೆ ಮತ್ತು ಅವರ ಮನೆ ನಾಯಿಗೆ ಮಾತ್ರವಂತೆ. ಅವಳಿಗೊಂದು ಸೈಕಲ್, ನಾಯಿಗೆ ಒಂದು ಮೂಟೆ ನಾಯಿ ತಿಂಡಿ.