ವೈಟಲ್, ಸರ್ಜ್ ಎಕ್ಸ್‌ಟಿ, ಡೆಕ್ಸೆಡ್: ಒಂದೇ ಮಿಡಿ ಕ್ಲಿಪ್ ಹಾಕಿ ಮೂರನ್ನೂ ಕೇಳಿದ್ದು

ಕಂಪ್ಯೂಟರಲ್ಲಿ ಸಂಗೀತ ಮಾಡೋ ಸಾಫ್ಟ್‌ವೇರ್ ಒಳಗೆ ಓಡೋ, ಫ್ರೀಯಾಗಿ ಸಿಗೋ ಸಿಂಥ್ (ಸದ್ದನ್ನ ತಾನೇ ಹುಟ್ಟಿಸೋ ವಾದ್ಯ) ಪ್ಲಗಿನ್‌ಗಳಲ್ಲಿ ಯಾವ್ದು ಚೆನ್ನಾಗಿದೆ ಅಂದ್ರೆ ಸುಮಾರು ಜನ ನಾಲ್ಕು ಪ್ರಿಸೆಟ್ (ಮೊದ್ಲೇ ಮಾಡಿಟ್ಟ ಸೌಂಡ್) ತಿರುಗಿಸಿ ಉತ್ತರ ಹೇಳ್ಬಿಡ್ತಾರೆ, ಅದು ಹೋಲಿಕೆನೇ ಅಲ್ಲ. ಪ್ರಿಸೆಟ್ ಮಾಡಿದವ್ರು ಅದ್ರ ಮೇಲೆ ರಿವರ್ಬ್, ಕೋರಸ್, ಡಿಲೇ ಎಲ್ಲ ಸುರಿದಿರ್ತಾರೆ, ವಾಲ್ಯೂಮನ್ನೂ ಏರಿಸಿಟ್ಟಿರ್ತಾರೆ, ಜೋರಾಗಿ ಕೇಳ್ಸಿದ್ದೇ ಚೆಂದ ಅನ್ಸೋದು ಕಿವಿಯ ಸ್ವಭಾವ. ಅದಕ್ಕೆ ನಾನು ವೈಟಲ್, ಸರ್ಜ್ ಎಕ್ಸ್‌ಟಿ, ಡೆಕ್ಸೆಡ್ ಮೂರರಲ್ಲೂ ಇನಿಟ್ ಪ್ಯಾಚಿಂದ (ಏನೂ ಸೇರಿಸದ ಖಾಲಿ ಸೌಂಡ್) ಶುರು ಮಾಡ್ದೆ, ಎಫೆಕ್ಟ್ ಎಲ್ಲ ಆಫ್, ಮೀಟರ್ ನೋಡ್ಕೊಂಡು ಲೆವೆಲ್ ಸಮ, ಮಿಡಿ ಕ್ಲಿಪ್ (ಯಾವ ನೋಟು ಯಾವಾಗ ಎಷ್ಟು ಹೊತ್ತು ಅನ್ನೋ ಪಟ್ಟಿ) ಒಂದೇ: ಕೆಳಗಡೆ ಒಂದು ಬೇಸ್ ಲೈನು, ಮಧ್ಯದಲ್ಲಿ ನಾಲ್ಕು ನೋಟಿನ ಉದ್ದುದ್ದ ಕಾರ್ಡ್‌ಗಳು, ಕೊನೆಗೆ ಕೀಬೋರ್ಡಿನ ತುತ್ತತುದಿಯ ನೋಟುಗಳು.

ಮೂರೂ ಬೇರೆ ಬೇರೆ ಜಾತಿ ಅನ್ನೋದು ಮೊದ್ಲೇ ಹೇಳ್ಬಿಡ್ತೀನಿ. ವೈಟಲ್ 2020ರಲ್ಲಿ ಬಂದ ವೇವ್‌ಟೇಬಲ್ ಸಿಂಥ್ (ಸಾಲಾಗಿಟ್ಟ ಅಲೆಯ ಆಕಾರಗಳಿಂದ ಸದ್ದು ಹುಟ್ಟಿಸೋದು), ಮೂರು ಆಸಿಲೇಟರ್ (ಅಲೆ ಹುಟ್ಟಿಸೋ ಭಾಗ) ಜೊತೆಗೊಂದು ಸ್ಯಾಂಪ್ಲರ್ (ರೆಕಾರ್ಡ್ ಮಾಡಿದ ಸದ್ದು ನುಡಿಸೋದು). ಸರ್ಜ್ ಒಂದು ಕಾಲಕ್ಕೆ ದುಡ್ಡಿಗೆ ಮಾರ್ತಿದ್ದ ಸಿಂಥ್, 2018ರಲ್ಲಿ ಬರೆದವ್ರೇ ಅದನ್ನ ಓಪನ್ ಸೋರ್ಸ್ ಮಾಡಿದ್ರು, ಆಮೇಲೆ ಆಸಕ್ತರೆಲ್ಲ ಸೇರಿ ಬೆಳೆಸಿ ಈಗಿನ ಎಕ್ಸ್‌ಟಿ ಆಯ್ತು. ಡೆಕ್ಸೆಡ್ ಅಂದ್ರೆ 1983ರ ಯಮಹಾ ಡಿಎಕ್ಸ್7 ಕೀಬೋರ್ಡೇ ಸಾಫ್ಟ್‌ವೇರ್ ಆಗಿ ಬಂದಂಗೆ, 6 ಆಪರೇಟರ್ (ಸೈನ್ ಅಲೆ ಹುಟ್ಟಿಸೋ ಘಟಕ), ಅವನ್ನ ಜೋಡಿಸೋ 32 ಅಲ್ಗಾರಿದಂ, ಪೂರ್ತಿ ಎಫ್‌ಎಂ, ಅಂದ್ರೆ ಒಂದು ಅಲೆಯಿಂದ ಇನ್ನೊಂದನ್ನ ಅಲ್ಲಾಡಿಸಿ ಸೌಂಡ್ ಮಾಡೋದು. ಹಂಗಾಗಿ "ಸಾ ವೇವ್ (ಗರಗಸದ ಹಲ್ಲಿನ ಆಕಾರದ ಅಲೆ) ಯಾವುದ್ರಲ್ಲಿ ದಪ್ಪ" ಅನ್ನೋ ಪ್ರಶ್ನೆ ಡೆಕ್ಸೆಡ್‌ಗೆ ಕೇಳೋ ಹಾಗೇ ಇಲ್ಲ, ಅದ್ರ ಇನಿಟ್ ಪ್ಯಾಚ್ ಬರೀ ಒಂದು ಸೈನ್, ಅಂದ್ರೆ ನುಣುಪಾದ ಒಂಟಿ ಅಲೆ.

ಮೊದ್ಲು ಸಿಪಿಯು ವಿಷಯ, ಯಾಕಂದ್ರೆ ಎಲ್ಲರ ಗೋಳೂ ಅಲ್ಲೇ ಇರೋದು. ಡೆಕ್ಸೆಡ್ ಇದೆಯೋ ಇಲ್ವೋ ಅನ್ನೋಷ್ಟು ಹಗುರ. ಸರ್ಜ್ ಮಧ್ಯ. ವೈಟಲ್ ಭಾರ ಅನ್ನೋ ಮಾತು ಎಲ್ಲ ಕಡೆ ಕೇಳ್ತೀವಿ, ಇನಿಟ್ ಪ್ಯಾಚಲ್ಲಿ ಹಂಗೇನೂ ಇಲ್ಲ, ಆದ್ರೆ ಅದ್ರಲ್ಲಿ ಯುನಿಸನ್ (ಒಂದೇ ಅಲೆಯ ಪ್ರತಿಗಳನ್ನ ಪೇರಿಸೋದು) ಏರಿಸೋದು ಎಷ್ಟು ಸುಲಭ ಅಂದ್ರೆ ಲೆಕ್ಕ ತಪ್ಪೋದು ಗೊತ್ತೇ ಆಗಲ್ಲ. ಒಂದು ಆಸಿಲೇಟರಿಗೆ ಯುನಿಸನ್ 16ರ ತನಕ ಹೋಗುತ್ತೆ. ಮೂರು ಆಸಿಲೇಟರಲ್ಲೂ 16 ಇಟ್ಟು ನಾಲ್ಕು ನೋಟಿನ ಕಾರ್ಡ್ ಒತ್ತಿದ್ರೆ 3 × 16 × 4, ಅಂದ್ರೆ 192 ಅಲೆ ಒಂದೇ ಸಲ ಲೆಕ್ಕ ಹಾಕ್ಬೇಕು, ರಿಲೀಸ್ (ಕೀ ಬಿಟ್ಟ ಮೇಲೆ ಸದ್ದು ಆರೋ ಸಮಯ) ಉದ್ದ ಇದ್ರೆ ಹಿಂದಿನ ಕಾರ್ಡಿನ ಬಾಲಾನೂ ಸೇರಿ 384. ಇದ್ರ ಮೇಲೆ ಅಡ್ವಾನ್ಸ್ಡ್ ಪೇಜಲ್ಲಿ ಓವರ್‌ಸ್ಯಾಂಪ್ಲಿಂಗನ್ನ (ಸದ್ದು ಶುದ್ಧ ಇರ್ಲಿ ಅಂತ ಹಲವು ಪಟ್ಟು ಜಾಸ್ತಿ ಲೆಕ್ಕ ಹಾಕೋದು) 8ಕ್ಕೆ ಏರಿಸಿಟ್ಟು ಪ್ಲಗಿನ್‌ನ ಬೈದ್ರೆ ಅದೇನ್ ಮಾಡುತ್ತೆ ಪಾಪ. ಯುನಿಸನ್ 4 ಅಥವಾ 5ಕ್ಕೆ ಇಳಿಸಿ, ಡಿಟ್ಯೂನ್ (ಪ್ರತಿಗಳ ಶ್ರುತಿಯ ಅಂತರ) ಸ್ವಲ್ಪ ಅಗಲ ಮಾಡಿದ್ರೆ ಮಿಕ್ಸಲ್ಲಿ ವ್ಯತ್ಯಾಸ ಹುಡುಕೋದು ಕಷ್ಟ.

ಇನ್ನು ಚಟ್ ಚಟ್ ಸದ್ದು. ಅದು ಬಂದ ತಕ್ಷಣ ಪ್ಲಗಿನ್ ಅನ್‌ಇನ್‌ಸ್ಟಾಲ್ ಮಾಡೋರೇ ಜಾಸ್ತಿ, ಆದ್ರೆ ಮೊದ್ಲು ಮಾಡ್ಬೇಕಾದ ಕೆಲ್ಸ ಒಂದೇ, ಆ ತುಂಡನ್ನ ಆಫ್‌ಲೈನ್ ರೆಂಡರ್ ಮಾಡಿ (ನುಡಿಸದೆ ನೇರ ಫೈಲ್ ಮಾಡ್ಕೊಂಡು) ಕೇಳೋದು. ರೆಂಡರಲ್ಲಿ ಸದ್ದು ಮಾಯ ಆಗಿದ್ರೆ ಸಿಂಥ್‌ದು ತಪ್ಪಿಲ್ಲ, ಕಂಪ್ಯೂಟರಿಗೆ ಟೈಮ್ ಸಾಕಾಗ್ತಿಲ್ಲ ಅಷ್ಟೇ. 44,100 ಸ್ಯಾಂಪಲ್ ರೇಟಲ್ಲಿ (ಸೆಕೆಂಡಿಗೆ ಅಷ್ಟು ಸ್ಯಾಂಪಲ್) ಬಫರ್ (ಒಂದು ಸಲಕ್ಕೆ ಲೆಕ್ಕ ಹಾಕೋ ಸ್ಯಾಂಪಲ್) 128 ಅಂದ್ರೆ ಸುಮಾರು 2.9 ಮಿಲಿಸೆಕೆಂಡ್, ಅಷ್ಟರೊಳಗೆ ಎಲ್ಲ ಟ್ರ್ಯಾಕಿನ ಲೆಕ್ಕಾನೂ ಮುಗೀಬೇಕು. ನುಡಿಸಿ ರೆಕಾರ್ಡ್ ಮಾಡೋವಾಗ 128 ಇಟ್ಕೊಳ್ಳಿ, ಮಿಕ್ಸ್‌ಗೆ ಕೂತಾಗ 512ಕ್ಕೆ ಏರಿಸಿ, 11.6 ಮಿಲಿಸೆಕೆಂಡ್ ಸಿಗುತ್ತೆ, ಆವಾಗ ಕೀ ಒತ್ತೋ ಕೆಲ್ಸ ಇಲ್ವಲ್ಲ, ತಡ ಆದ್ರೂ ಗೊತ್ತಾಗಲ್ಲ.

ರೆಂಡರಲ್ಲೂ ಚಟ್ ಅಂದ್ರೆ ಮಾತ್ರ ಪ್ಯಾಚ್ ಒಳಗೆ ಹುಡುಕ್ಬೇಕು, ಅಲ್ಲಿ ಸಾಮಾನ್ಯವಾಗಿ ಕಳ್ಳರು ಇಬ್ರು. ಒಬ್ಬ ಅಟ್ಯಾಕ್ (ನೋಟು ಪೂರ್ತಿ ಜೋರಾಗೋಕೆ ಹಿಡಿಯೋ ಸಮಯ), ಅದು ಪೂರ್ತಿ ಸೊನ್ನೆ ಇದ್ದು ಅಲೆ ಮಧ್ಯದಿಂದ ಶುರುವಾದ್ರೆ ಪ್ರತಿ ನೋಟಿಗೂ ಒಂದು ಕ್ಲಿಕ್ ಬರುತ್ತೆ, ಎರಡು ಮೂರು ಮಿಲಿಸೆಕೆಂಡ್ ಕೊಟ್ರೆ ಹೋಗುತ್ತೆ. ಇನ್ನೊಬ್ಬ ವಾಯ್ಸ್ ಸ್ಟೀಲಿಂಗ್, ಇದು ಸೀಟು ತುಂಬಿದ ಬಸ್ಸಲ್ಲಿ ಹೊಸಬ ಹತ್ತಿದ ಅಂತ ಹಳಬನನ್ನ ಎಬ್ಬಿಸೋ ಥರ. ವೈಟಲ್ ಇನಿಟ್ ಪ್ಯಾಚಲ್ಲಿ ವಾಯ್ಸ್ (ಒಂದೇ ಸಲ ನುಡಿಯೋ ನೋಟುಗಳ ಮಿತಿ) 8, ಸರ್ಜಲ್ಲಿ 16. ನನ್ನ ಕ್ಲಿಪ್ಪಲ್ಲಿ ನಾಲ್ಕು ನೋಟಿನ ಕಾರ್ಡ್, ಉದ್ದ ರಿಲೀಸ್, ವೈಟಲಲ್ಲಿ ಮೂರನೇ ಕಾರ್ಡ್ ಬಂದ ಕ್ಷಣಕ್ಕೆ ಮೊದಲನೇದ್ರ ಬಾಲ ಕಚಕ್ ಅಂತ ಕಟ್ಟಾಗೋದು ಸ್ಪಷ್ಟವಾಗಿ ಕೇಳ್ಸುತ್ತೆ, ಅದೇ ಜಾಗದಲ್ಲಿ ಸರ್ಜ್ ಆರಾಮಾಗಿ ಹರೀತಿತ್ತು. "ಪ್ಯಾಡ್‌ಗೆ (ಉದ್ದಕ್ಕೆ ಹರಿಯೋ ಹಿನ್ನೆಲೆ ಸೌಂಡ್) ಸರ್ಜ್ ಸ್ಮೂತ್" ಅನ್ನೋ ಅಭಿಪ್ರಾಯದಲ್ಲಿ ಒಂದು ಪಾಲು ಬರೀ ಈ ಡಿಫಾಲ್ಟಿಂದ ಹುಟ್ಟಿದ್ದು ಅಂತ ನನ್ನ ಗುಮಾನಿ. ವೈಟಲಲ್ಲೂ 16 ಮಾಡಿ ಕೇಳಿದ್ರೆ ಆ ವ್ಯತ್ಯಾಸ ಹೋಯ್ತು.

ತುತ್ತತುದಿಯ ನೋಟುಗಳಲ್ಲಿ ಮಜಾ ಇದೆ. ಪಿಯಾನೋದ ಕೊನೇ ನೋಟು 4186 ಹರ್ಟ್ಜ್, ಅದ್ರ ಹತ್ತನೇ ಹಾರ್ಮೋನಿಕ್ (ಮೂಲ ಸ್ವರದ ಹತ್ತು ಪಟ್ಟಿನ ಅಲೆ) 41,860. 44,100ರಲ್ಲಿ ಹಿಡಿಯೋದು ಅದ್ರ ಅರ್ಧ, 22,050ರ ತನಕ ಮಾತ್ರ, ಸಿಂಥ್ ಹುಷಾರಾಗಿ ಕತ್ತರಿಸದಿದ್ರೆ ಆ ಹತ್ತನೇದು ಮಡಚ್ಕೊಂಡು 2240 ಹರ್ಟ್ಜ್‌ಗೆ ಬಂದು ಕೂರುತ್ತೆ, ಮೂಲ ಸ್ವರಕ್ಕಿಂತ ಕೆಳಗೆ! ಇದೇ ಏಲಿಯಾಸಿಂಗ್. ಕೇಳೋಕೆ ಸುಲಭ ದಾರಿ ಅಂದ್ರೆ ಪಿಚ್ ಬೆಂಡ್ ಮೇಲಕ್ಕೆ ಎಳೀರಿ, ನೋಟು ಮೇಲೆ ಹೋಗ್ತಿರೋವಾಗ ಹಿಂದೆ ಇನ್ನೊಂದು ಸೀಟಿ ಕೆಳಗೆ ಇಳೀತಿದ್ರೆ ಅದೇ. ವೈಟಲ್ ಇಲ್ಲಿ ನೀಟು, ಸರ್ಜಿನ ಮಾಡರ್ನ್ ಆಸಿಲೇಟರ್ರೂ ನೀಟು. ಸರ್ಜಲ್ಲಿ ಏಲಿಯಾಸ್ ಅಂತಾನೇ ಇನ್ನೊಂದು ಆಸಿಲೇಟರ್ ಇದೆ, ಬೇಕಂತಲೇ ಈ ಗಲೀಜು ಮಾಡೋಕೆ, ಅದನ್ನ ಹಾಕಿ "ಕ್ವಾಲಿಟಿ ಸರಿ ಇಲ್ಲ" ಅನ್ಬೇಡಿ.

ಡೆಕ್ಸೆಡಲ್ಲಿ ಮಾಡ್ಯುಲೇಟರ್ (ಇನ್ನೊಂದನ್ನ ಅಲ್ಲಾಡಿಸೋ ಆಪರೇಟರ್) ಲೆವೆಲ್ ಜೋರಾಗಿಟ್ಟು ಮೇಲಿನ ನೋಟು ನುಡಿಸಿದ್ರೆ ಕರ್ಕಶ ಬಂದೇ ಬರುತ್ತೆ, ಎಫ್‌ಎಂ ಇರೋದೇ ಹಂಗೆ. ಅದಕ್ಕೆ ಮದ್ದು ಡಿಎಕ್ಸ್7 ಕಾಲದಿಂದ ಅದ್ರೊಳಗೇ ಇದೆ, ಕೀಬೋರ್ಡ್ ಲೆವೆಲ್ ಸ್ಕೇಲಿಂಗ್. ಬ್ರೇಕ್ ಪಾಯಿಂಟ್ (ಬದಲಾವಣೆ ಶುರುವಾಗೋ ಕೀ) ಮಧ್ಯದಲ್ಲಿಟ್ಟು ಬಲಗಡೆ ಕರ್ವನ್ನ ಮೈನಸ್ ಮಾಡಿ ಡೆಪ್ತ್ ಏರಿಸಿ, ಮೇಲೆ ಹೋದಂಗೆ ಮಾಡ್ಯುಲೇಟರ್ ತಾನಾಗೇ ತಗ್ಗುತ್ತೆ, ಗಂಟೆ ಥರದ ಸೌಂಡ್ ಉಳಿಯುತ್ತೆ, ಕಿರುಚಾಟ ಹೋಗುತ್ತೆ. ಎಲೆಕ್ಟ್ರಿಕ್ ಪಿಯಾನೋ, ಬೆಲ್, ಗಟ್ಟಿ ಪ್ಲಕ್ ಬೇಸ್ ಇಷ್ಟಕ್ಕೆ ಉಳಿದೆರಡನ್ನ ನಾನು ತೆರೆಯೋದೇ ಇಲ್ಲ. ಸೌಂಡ್ ಉಳಿಸಿಟ್ಟ ಹಳೇ ಡಿಎಕ್ಸ್7 ಸಿಸ್‌ಎಕ್ಸ್ ಫೈಲ್‌ಗಳೂ ನೇರ ಲೋಡ್ ಆಗುತ್ತೆ, ಒಂದು ಕಾರ್ಟ್ರಿಡ್ಜಿಗೆ 32 ಪ್ಯಾಚ್. ಆದ್ರೆ ಸ್ಕ್ರೀನ್ ನೋಡಿ ಕಲೀತೀನಿ ಅಂದ್ರೆ ಕಷ್ಟ ಕಷ್ಟ.

ಕಲಿಯೋಕೆ ವೈಟಲ್ನ ಮೀರ್ಸೋದು ಯಾವ್ದೂ ಇಲ್ಲ. ಎಲ್‌ಎಫ್‌ಒ (ನಿಧಾನಕ್ಕೆ ಏರಿಳಿದು ಇನ್ನೊಂದನ್ನ ಅಲ್ಲಾಡಿಸೋ ಅಲೆ) ಹಿಡಿದು ನಾಬ್ ಮೇಲೆ ಬಿಟ್ರೆ ಮುಗೀತು, ಏನ್ ಎಷ್ಟು ಅಲ್ಲಾಡ್ತಿದೆ ಅಂತ ಕಣ್ಣೆದುರೇ ಕುಣಿಯುತ್ತೆ. ಸರ್ಜಲ್ಲಿ ಕೆಳಗಿನ ಸಾಲಲ್ಲಿ ಮಾಡ್ಯುಲೇಟರ್ (ಇಲ್ಲಿ ಎಲ್‌ಎಫ್‌ಒ ಥರದ್ದು) ಆರಿಸಿ ಆಮೇಲೆ ಸ್ಲೈಡರ್ ಎಳೀಬೇಕು, ಮೊದಮೊದ್ಲು ಎಲ್ಲಿ ಒತ್ತಿದ್ರೆ ಏನಾಗುತ್ತೆ ಅಂತಾನೇ ತಿಳಿಯಲ್ಲ, ಕೈಗೆ ಒಗ್ಗಿದ ಮೇಲೆ ಆಳ ಜಾಸ್ತಿ: ಎರಡು ಸೀನ್ (ಬೇರೆ ಬೇರೆ ಸೌಂಡ್ ಪದರ), ಒಂದೊಂದ್ರಲ್ಲೂ ಮೂರು ಆಸಿಲೇಟರ್, ಒಟ್ಟು 16 ಎಫೆಕ್ಟ್ ಸ್ಲಾಟ್, ಸ್ಕೇಲಾ ಫೈಲ್ ಹಾಕಿ ಬೇರೆ ಶ್ರುತಿ ಕಟ್ಟೋ ಸೌಲಭ್ಯ. ಒಂದೇ ಇಟ್ಕೋ ಅಂದ್ರೆ ನಾನು ಸರ್ಜ್ ಇಟ್ಕೋತೀನಿ. ಹೊಸಬರಿಗೆ ಮಾತ್ರ ಕಣ್ಮುಚ್ಕೊಂಡು ವೈಟಲ್ ಅಂತೀನಿ.

ಪ್ಲಗಿನ್ ಲಿಸ್ಟಲ್ಲೇ ಕಾಣ್ಸದಿದ್ರೆ, ವಿಂಡೋಸಲ್ಲಾದ್ರೆ ವಿಎಸ್‌ಟಿ3 (ಪ್ಲಗಿನ್ ಬರೋ ಒಂದು ಮಾದರಿ) ಫೈಲು ಕಾಮನ್ ಫೈಲ್ಸ್ ಒಳಗಿನ ವಿಎಸ್‌ಟಿ3 ಫೋಲ್ಡರಲ್ಲೇ ಇದೆಯಾ ನೋಡಿ, ಇದ್ರೆ ಕ್ಯಾಶ್ (ಹಳೇ ಸ್ಕ್ಯಾನಿನ ಪಟ್ಟಿ) ಅಳಿಸಿ ರೀಸ್ಕ್ಯಾನ್ ಕೊಡಿ, ಸಾಮಾನ್ಯವಾಗಿ ಅಷ್ಟಕ್ಕೆ ಬರುತ್ತೆ. ದುಡ್ಡು ಕೊಟ್ಟು ತಗೊಂಡ ಇನ್ನೊಂದು ಸಿಂಥ್, ಹೆಸ್ರು ಬೇಡ, ಪ್ರಾಜೆಕ್ಟ್ ತೆರೆದಾಗಲೆಲ್ಲ ಇಡೀ ಸಾಫ್ಟ್‌ವೇರನ್ನೇ ಕೆಡವ್ತಿತ್ತು, ಅಂಥದ್ದನ್ನ ಬೇರೆ ಪ್ರೋಸೆಸ್ಸಲ್ಲಿ ಓಡಿಸೋ ಆಯ್ಕೆ ರೀಪರ್, ಬಿಟ್‌ವಿಗ್ ಥರದ ಸಂಗೀತ ಸಾಫ್ಟ್‌ವೇರ್‌ಗಳಲ್ಲಿದೆ, ಬಿದ್ರೆ ಅದೊಂದೇ ಬೀಳುತ್ತೆ.

ಇನ್ನೊಂದು, ಒಂದೇ ಟ್ರ್ಯಾಕನ್ನ ಎರಡು ಸಲ ರೆಂಡರ್ ಮಾಡಿ ಒಂದ್ರ ಫೇಸ್ ತಿರುಗಿಸಿ (ಅಲೆಯನ್ನ ತಲೆಕೆಳಗೆ ಮಾಡಿ) ಕೂಡಿಸಿದ್ರೆ ನಿಶ್ಶಬ್ದ ಆಗ್ಬೇಕು ಅಂತ ಕಾದ್ರೆ ವೈಟಲಲ್ಲಿ ಆಗಲ್ಲ, ಅಲ್ಲಿ ಆಸಿಲೇಟರ್ ಫೇಸ್ (ಅಲೆ ಶುರುವಾಗೋ ಜಾಗ) ಪ್ರತಿ ನೋಟಿಗೂ ರ‍್ಯಾಂಡಮ್ ಆಗಿ ಶುರುವಾಗುತ್ತೆ. ಬೇಸ್ ಒಂದ್ಸಲ ದಪ್ಪ ಒಂದ್ಸಲ ತೆಳು ಬರ್ತಿದೆ ಅನ್ನೋರು ವೈಟಲಲ್ಲಾದ್ರೆ ಮೊದ್ಲು ಆ ಫೇಸ್ ರ‍್ಯಾಂಡಮ್ ಪರ್ಸೆಂಟನ್ನ ಸೊನ್ನೆಗೆ ಎಳೀರಿ, ಸರ್ಜಲ್ಲಾದ್ರೆ ಆಸಿಲೇಟರಿನ ರೀಟ್ರಿಗರ್ (ಪ್ರತಿ ನೋಟಿಗೂ ಅಲೆ ಒಂದೇ ಜಾಗದಿಂದ ಶುರು) ಆನ್ ಮಾಡಿ ಡ್ರಿಫ್ಟ್ (ಶ್ರುತಿ ತಾನಾಗೇ ಅಲ್ಲಾಡೋದು) ಸೊನ್ನೆ ಮಾಡಿ, ಡೆಕ್ಸೆಡಲ್ಲಿ ಆಸಿಲೇಟರ್ ಕೀ ಸಿಂಕ್ ಆನ್ ಇದೆಯಾ ನೋಡ್ಕೊಂಡ್ರೆ ಸಾಕು.