ಓಲೆ ಮಾರಲು ವಾಟ್ಸಾಪ್ ಬಿಸಿನೆಸ್: ಶೋಕೇಸ್ ಇದೆ, ಸ್ಟಾಕ್ ಪುಸ್ತಕ ಇಲ್ಲ

ಟೆರಾಕೋಟಾ ಓಲೆ, ಕ್ರೋಶಾ ಬ್ಯಾಗ್, ಸೀರೆ ಕುಚ್ಚು. ಬಿಡುವಿನಲ್ಲಿ ಮಾಡಿಕೊಂಡಿದ್ದ ಇಂಥ ಕೆಲಸವನ್ನು ಮಾರಾಟಕ್ಕೆ ಇಳಿಸಿದವರಲ್ಲಿ ಅನೇಕರ ಮೊದಲ ಅಂಗಡಿ ವಾಟ್ಸಾಪ್ ಬಿಸಿನೆಸ್. 2018ರಲ್ಲಿ ಬಂದ ಈ ಆ್ಯಪ್‌ನಲ್ಲಿ ಅಂಗಡಿ ಇಡಲು ಬಾಡಿಗೆಯಿಲ್ಲ, ಮಾರಿದ್ದಕ್ಕೆ ಕಮಿಷನ್ ಇಲ್ಲ. ದಿನಕ್ಕೆ ಒಂದೆರಡು ಆರ್ಡರ್ ಇರುವವರೆಗೆ ಇದೇ ಸಾಕು, ವೆಬ್‌ಸೈಟ್ ಮಾಡಿಸಲು ದುಡ್ಡು ಸುರಿಯಬೇಕಿಲ್ಲ. ಇರುವ ಕೊರತೆ ದೊಡ್ಡದೋ ಚಿಕ್ಕದೋ ಎಂಬುದು ನೀವು ಮಾರುವ ವಸ್ತುವಿನ ಮೇಲೆ ನಿಂತಿದೆ.

ಆ್ಯಪ್‌ನ ಜೀವಾಳ ಕ್ಯಾಟಲಾಗ್. 500 ವಸ್ತುಗಳವರೆಗೆ ಹಾಕಬಹುದು, ಒಂದೊಂದಕ್ಕೆ 10 ಫೋಟೊ. ಹೆಸರು, ಬೆಲೆ, ವಿವರಣೆ, ಐಟಂ ಕೋಡ್‌ಗೆ ಜಾಗವಿದೆ. ಐಟಂ ಕೋಡನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ, ಬಿಡಬೇಡಿ. ‘ಜೆ-14’ ಎಂದು ಅಲ್ಲಿ ಬರೆದು, ಅದೇ ನಂಬರನ್ನು ಓಲೆ ಇಟ್ಟ ಜಿಪ್ ಕವರಿಗೂ ಅಂಟಿಸಿದರೆ ‘ಆ ನೀಲಿ ಜುಮಕಿ, ಕೆಳಗೆ ಮಣಿ ಇರೋದು’ ಎಂಬ ಮಾತುಕತೆಯೇ ಬೇಕಾಗುವುದಿಲ್ಲ.

ವಿವರಣೆಯಲ್ಲಿ ಉದ್ದ ಎಷ್ಟು ಸೆಂಟಿಮೀಟರ್, ಜೋಡಿಯ ತೂಕ ಎಷ್ಟು ಗ್ರಾಂ, ಕೊಕ್ಕೆ ಯಾವ ಲೋಹದ್ದು, ನೀರು ತಾಗಿದರೆ ಬಣ್ಣ ಏನಾಗುತ್ತದೆ, ಇವು ನಾಲ್ಕೂ ಇರಲಿ. ‘ಫೋಟೊದಲ್ಲಿ ಚಿಕ್ಕದಾಗಿ ಕಂಡಿತ್ತು’ ಎಂದು ವಾಪಸ್ ಬರುವುದಕ್ಕೆ ಮುಖ್ಯ ಕಾರಣ ಅಳತೆ ಕೊಡದಿರುವುದು. ಕಿವಿಗೆ ಹಾಕಿಕೊಂಡ ಒಂದು ಫೋಟೊ ಹತ್ತು ಸಾಲಿಗೆ ಸಮ. ಬೆಳಗಿನ ಕಿಟಕಿ ಬೆಳಕಿನಲ್ಲಿ ತೆಗೆಯಿರಿ. ಹಳದಿ ಬಲ್ಬಿನ ಕೆಳಗೆ ಮಣ್ಣಿನ ಕೆಂಪು ಕಿತ್ತಳೆಯಾಗಿ ಕಾಣುತ್ತದೆ, ಆಮೇಲೆ ಬಣ್ಣದ ತಕರಾರು.

ಈಗ ಕೊರತೆಗೆ ಬರೋಣ. ಕ್ಯಾಟಲಾಗ್‌ನಲ್ಲಿ ಬೆಲೆಗೆ ಖಾನೆಯಿದೆ, ‘ಎಷ್ಟು ಉಳಿದಿದೆ’ ಎಂಬುದಕ್ಕೆ ಇಲ್ಲ. ಗಿರಾಕಿ ಕಾರ್ಟ್‌ಗೆ ಹಾಕಿ ಕಳಿಸಿದರೆ ನಿಮಗೆ ಬರುವುದು ಒಂದು ಮೆಸೇಜ್ ಅಷ್ಟೇ. ವಸ್ತು ಕಾಯ್ದಿರಿಸಿದಂತೆಯೂ ಅಲ್ಲ, ದುಡ್ಡು ಬಂದಂತೆಯೂ ಅಲ್ಲ. ಕುಚ್ಚು ಕಟ್ಟುವವರಿಗೆ ಇದರಿಂದ ತೊಂದರೆಯೇ ಇಲ್ಲ: ಕ್ಯಾಟಲಾಗ್‌ನಲ್ಲಿರುವುದು ಡಿಸೈನ್, ಸೀರೆ ಗಿರಾಕಿಯದು, ಒಂದೇ ಡಿಸೈನನ್ನು ನೂರು ಸೀರೆಗೆ ಕಟ್ಟಬಹುದು. ಕೈಯಲ್ಲಿ ತಿದ್ದಿದ ಒಂದೇ ಜೊತೆ ಜುಮಕಿ ಇಟ್ಟವರ ಕಥೆ ಬೇರೆ. ರಾತ್ರಿ ಸ್ಟೇಟಸ್ ಹಾಕಿದರೆ ಬೆಳಗಾಗುವಷ್ಟರಲ್ಲಿ ಮೂವರು ಅದನ್ನೇ ಕೇಳಿರುತ್ತಾರೆ, ಮೂವರಿಗೂ ಅದು ಸಿಕ್ಕೇ ಸಿಗುತ್ತದೆಂಬ ನಂಬಿಕೆ.

ಪರಿಹಾರ ಸರಳ, ಆದರೆ ಶಿಸ್ತು ಬೇಕು. ಆರ್ಡರ್ ಬಂದ ಕೂಡಲೇ ಆ ವಸ್ತುವನ್ನು ಕ್ಯಾಟಲಾಗ್‌ನಲ್ಲಿ ‘ಹೈಡ್’ ಮಾಡಿ. ಡಿಲೀಟ್ ಮಾಡಬೇಡಿ, ಗಿರಾಕಿ ಕೈಕೊಟ್ಟರೆ ಫೋಟೊ, ವಿವರಣೆ ಎಲ್ಲ ಮತ್ತೆ ಹಾಕಬೇಕಾಗುತ್ತದೆ. ‘ಸಂಜೆ 6ರೊಳಗೆ ಹಣ ಬಂದರೆ ನಿಮ್ಮದು, ಇಲ್ಲದಿದ್ದರೆ ಮುಂದಿನವರಿಗೆ’ ಎಂಬ ಉತ್ತರವನ್ನು ಕ್ವಿಕ್ ರಿಪ್ಲೈನಲ್ಲಿ ಉಳಿಸಿಕೊಂಡರೆ, ಚಾಟ್‌ನಲ್ಲಿ ಓರೆಗೆರೆ (/) ಒತ್ತಿ ಆರಿಸಿದರೆ ಸಾಕು. ಹೀಗೆ 50 ಉತ್ತರಗಳವರೆಗೆ ಇಡಬಹುದು. ಆಮೇಲೆ ಚಾಟ್‌ಗೆ ಲೇಬಲ್ ಹಚ್ಚಿ. ಹೊಸ ಆರ್ಡರ್, ಹಣ ಬಾಕಿ, ಹಣ ಬಂದಿದೆ ಎಂಬಂಥವು ಮೊದಲೇ ಇರುತ್ತವೆ, ‘ಪೋಸ್ಟ್ ಆಗಿದೆ’ ಎಂಬುದನ್ನು ನೀವೇ ಸೇರಿಸಿಕೊಳ್ಳಿ. ಲೇಬಲ್ ಬದಲಿಸಲು ಮರೆತರೆ ಇಡೀ ವ್ಯವಸ್ಥೆ ಮಣ್ಣುಪಾಲು. ಸ್ಟಾಕಿಗೆ 40 ಪುಟದ ನೋಟ್‌ಬುಕ್ ಬೇರೆ ಇರಲೇಬೇಕು.

ಹಣದ ವಿಷಯದಲ್ಲಿ ಸ್ಕ್ರೀನ್‌ಶಾಟ್ ನಂಬಬೇಡಿ, ಅದನ್ನು ತಿದ್ದುವುದು ಸುಲಭ. ಬ್ಯಾಂಕ್ ಆ್ಯಪ್‌ನಲ್ಲಿ ಜಮಾ ಕಂಡ ಮೇಲೆಯೇ ಪೆಟ್ಟಿಗೆಗೆ ಟೇಪ್ ಹಚ್ಚಿ. ಪ್ಯಾಕ್ ಮಾಡಿದ ಮೇಲೆ ತೂಗುವುದೂ ಮುಖ್ಯ. ಸ್ಪೀಡ್ ಪೋಸ್ಟ್‌ನಲ್ಲಿ 250 ಗ್ರಾಂ ದಾಟಿದರೆ ಮುಂದಿನ ದರ, ಹತ್ತು ಗ್ರಾಂ ಹೆಚ್ಚಾದರೂ ಅಷ್ಟೇ. ಕ್ಯಾಟಲಾಗ್‌ನಲ್ಲಿ ಓಲೆಯ ಬೆಲೆ ಮಾತ್ರ ಹಾಕಿ, ಅಂಚೆ ವೆಚ್ಚ ಬೇರೆ ಎಂದು ವಿವರಣೆಯಲ್ಲೇ ತಿಳಿಸಿ. ಕಾರ್ಟ್ ಅದನ್ನು ತಾನಾಗಿ ಕೂಡಿಸುವುದಿಲ್ಲ.

ಹೊಸ ಸರಕಿನ ಸುದ್ದಿ ಮುಟ್ಟಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಇದೆ. ಒಂದು ಪಟ್ಟಿಗೆ 256 ಜನ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ‘ಕಳಿಸಿದ್ದೆ, ಯಾರೂ ನೋಡಲಿಲ್ಲ’ ಎಂಬ ಗೋಳಿನ ಹಿಂದೆ ಬಹಳ ಸಲ ಇರುವುದು ಇದೇ. ಮೊದಲ ಪಾರ್ಸೆಲ್ ಜೊತೆ ‘ನಂಬರ್ ಸೇವ್ ಮಾಡಿಕೊಳ್ಳಿ’ ಎಂಬ ಚೀಟಿ ಇಡಿ. ಗಿರಾಕಿಗಳನ್ನೆಲ್ಲ ಒಂದು ಗ್ರೂಪ್‌ಗೆ ತುಂಬುವುದು ಕೆಟ್ಟ ಉಪಾಯ. ಹೆಣ್ಣುಮಕ್ಕಳ ನಂಬರುಗಳು ಗೊತ್ತಿಲ್ಲದವರ ಕೈಗೆ ಹೋಗುತ್ತವೆ.

ಎಲ್ಲ ಹವ್ಯಾಸಕ್ಕೂ ಇಲ್ಲಿ ಜಾಗವಿಲ್ಲ. ಕ್ಯಾಟಲಾಗ್‌ಗೆ ಹಾಕಿದ್ದನ್ನು ಕಂಪನಿ ಪರಿಶೀಲಿಸುತ್ತದೆ. ಜೀವಂತ ಪ್ರಾಣಿ ಮಾರುವಂತಿಲ್ಲವಾದ್ದರಿಂದ ಅಕ್ವೇರಿಯಂ ಮೀನು ಸಾಕುವವರ ಗಪ್ಪಿ ತಿರಸ್ಕೃತವಾಗುತ್ತದೆ. ಮನೆಯಲ್ಲಿ ಸೋಪು ಮಾಡುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು: ಮೈ ಸೋಪು ಸೌಂದರ್ಯವರ್ಧಕಗಳ ಕಾನೂನಿಗೆ ಬರುತ್ತದೆ, ಮಾರಾಟಕ್ಕೆ ತಯಾರಿಸಲು ಲೈಸೆನ್ಸ್ ಬೇಕು. ಆ್ಯಪ್ ಅದನ್ನು ನೆನಪಿಸುವುದಿಲ್ಲ. ದೊಡ್ಡ ಮಾರಾಟ ತಾಣಗಳ ಜೊತೆ ಹೋಲಿಸುವುದಾದರೆ, ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣವರು 2023ರ ಅಕ್ಟೋಬರ್‌ನಿಂದ ಅಲ್ಲೂ ಮಾರಬಹುದು, ಆದರೆ ತಮ್ಮ ರಾಜ್ಯದೊಳಗೆ ಮಾತ್ರ.

ಇನ್ಸ್ಟಾಲ್ ಮಾಡುವ ಮೊದಲು ಬೇರೆ ಸಿಮ್ ತೆಗೆದುಕೊಳ್ಳಿ. ಒಂದೇ ನಂಬರನ್ನು ಮಾಮೂಲಿ ವಾಟ್ಸಾಪ್‌ನಲ್ಲೂ ಇದರಲ್ಲೂ ಒಟ್ಟಿಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದರೆ ಅದನ್ನೂ ಕರೆಯ ಮೂಲಕ ದೃಢೀಕರಿಸಿ ಬಳಸಬಹುದು. ಎರಡು ಹಂತದ ಪರಿಶೀಲನೆಯ 6 ಅಂಕಿ ಪಿನ್ ಮೊದಲ ದಿನವೇ ಹಾಕಿಡಿ. ಆ ಎರಡನೇ ಸಿಮ್‌ಗೆ ರೀಚಾರ್ಜ್ ಮರೆತು ತಿಂಗಳುಗಟ್ಟಲೆ ಬಿಟ್ಟರೆ ನಂಬರ್ ರದ್ದಾಗಿ ಬೇರೆಯವರ ಪಾಲಾಗುತ್ತದೆ, ಆಗ ಹಳೇ ಗಿರಾಕಿಗಳ ಆರ್ಡರ್ ಹೋಗುವುದೂ ಅವರಿಗೇ.